ಅಚ್ಚು ಜಾರಿದ ಐದು ರೂಪಾಯಿ

ವರಲಕ್ಷ್ಮಿ ಕನಕಪುರ ಡಿಪೋದಲ್ಲಿ ಹದಿನೇಳು ವರ್ಷದಿಂದ ಕಂಡಕ್ಟರ್. ನಾಣ್ಯ ಕೂಡಿಡುವ ಹುಚ್ಚು ಅವಳಿಗೆ ಹಿಡಿದದ್ದು ಈಚೆಗೆ, ಅದೂ ಒಂದು ಜಗಳದಿಂದ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಸುದ್ದಿ ಸಾತನೂರು ಕಡೆ ಹಬ್ಬಿದ್ದ ದಿನಗಳು ಅವು. ಅಂಗಡಿಯವರು ಮುಟ್ಟುತ್ತಿರಲಿಲ್ಲ, ಹಾಗಾಗಿ ಜನ ಎಲ್ಲವನ್ನೂ ತಂದು ಸರ್ಕಾರಿ ಬಸ್ಸಿನಲ್ಲಿ ಸುರಿಯುತ್ತಿದ್ದರು. ಅದೇ ಜನ, ಚಿಲ್ಲರೆಯಾಗಿ ಅದನ್ನೇ ವಾಪಸ್ಸು ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಒಬ್ಬ ಯಜಮಾನನಂತೂ ನಾಣ್ಯದ ಮೇಲೆ ಹತ್ತು ಗೀಟಿದ್ದರೆ ಅಸಲಿ, ಹದಿನೈದಿದ್ದರೆ ಖೋಟಾ ಎಂದು ಇಡೀ ಬಸ್ಸಿಗೆ ಪಾಠ ಮಾಡಿ, ನಾಣ್ಯವನ್ನು ಅವಳ ಕೈಗೆ ತುರುಕಿ ಇಳಿದುಹೋದ.

ಅವನಿಗೆ ಸರಿಯಾದ ಉತ್ತರ ಕೊಡಬೇಕೆಂದೇ ವರಲಕ್ಷ್ಮಿ ಫೋನಿನಲ್ಲಿ ಹುಡುಕಿ ಓದಿದಳು. ಎರಡೂ ಅಸಲಿಯೇ. ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಸಿಕ್ಕಿತು. ದೇಶದಲ್ಲಿ ನಾಲ್ಕು ಸರ್ಕಾರಿ ಟಂಕಸಾಲೆಗಳಿವೆ. ಇಸವಿಯ ಕೆಳಗೆ ಒಂದು ಚುಕ್ಕಿಯೋ ನಕ್ಷತ್ರವೋ ವಜ್ರದಾಕಾರವೋ ಇದ್ದರೆ ಅದರಿಂದ ಯಾವ ಟಂಕಸಾಲೆಯದೆಂದು ಗೊತ್ತಾಗುತ್ತದೆ. ಒಂದು ಟಂಕಸಾಲೆ ಮಾತ್ರ ಗುರುತೇ ಹಾಕುವುದಿಲ್ಲ. ಹದಿನೇಳು ವರ್ಷ ದಿನಕ್ಕೆ ನೂರಾರು ನಾಣ್ಯ ಮುಟ್ಟಿದ ತನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಮಾರನೆಯ ದಿನದಿಂದ ನೋಡತೊಡಗಿದಳು, ಆಮೇಲೆ ಬಿಡಲಾಗಲಿಲ್ಲ. ಡ್ಯೂಟಿ ಹತ್ತುವ ಮುಂಚೆ ಸ್ವಂತದ ಐವತ್ತು ರೂಪಾಯಿಯನ್ನು ಡಿಪೋದ ಲೆಕ್ಕದಲ್ಲಿ ಬರೆಸಿ ಇಟ್ಟುಕೊಳ್ಳುವಳು. ಬೇಕಾದ ನಾಣ್ಯ ಬ್ಯಾಗಿಗೆ ಬಿದ್ದರೆ ತನ್ನ ದುಡ್ಡಿನಿಂದ ಅಷ್ಟನ್ನು ಹಾಕಿ ಇದನ್ನು ಎತ್ತಿಕೊಳ್ಳುವಳು. ಕನಕಪುರದ ಸ್ಟೇಷನರಿ ಅಂಗಡಿಯಲ್ಲಿ ಫೋಟೋ ಆಲ್ಬಮ್ ಕೊಂಡು, ಅದರ ಪ್ಲಾಸ್ಟಿಕ್ ಜೇಬುಗಳಿಗೆ ಹೊಲಿಗೆ ಹಾಕಿ ಸಣ್ಣ ಸಣ್ಣ ಗೂಡು ಮಾಡಿದಳು. ಹೆಂಗಸರಿಗೆ ಟಿಕೆಟ್ ಉಚಿತವಾಗಿ, ಗಂಡಸರು ಫೋನ್ ಹಿಡಿದು ದುಡ್ಡು ಕಳಿಸುವುದನ್ನು ಕಲಿತ ಮೇಲೆ ಬ್ಯಾಗಿಗೆ ನಾಣ್ಯ ಬೀಳುವುದೇ ಕಡಿಮೆಯಾಗಿತ್ತು. ಹಾಗಾಗಿ ಬಿದ್ದ ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತಿದ್ದಳು.

ಆ ಐದು ರೂಪಾಯಿ ಸಿಕ್ಕಿದ್ದು ಸಾತನೂರಿನಲ್ಲಿ, ಕುರಿ ಸಾಕುವ ಕರಿಯಯ್ಯನಿಂದ. ಕನಕಪುರಕ್ಕೆ ಟಿಕೆಟ್ ಕೇಳಿ ಚಿಲ್ಲರೆ ಎಣಿಸಿ ಕೊಟ್ಟ ಮುದುಕ, ಕೊನೆಯ ನಾಣ್ಯ ಕೊಡುವಾಗ ಸ್ವಲ್ಪ ಸಂಕೋಚಪಟ್ಟ. “ಇದ ಯಾರೂ ಈಸ್ಕತಿಲ್ಲ ಕನವ್ವ. ಟೀ ಅಂಗ್ಡಿಯೋನು ಮಕದ ಮ್ಯಾಲೆ ಎಸ್ದ್‌ಬುಟ್ಟ. ನೀನಾದ್ರೂ ಮಡೀಕೊ,” ಎಂದ.

ವರಲಕ್ಷ್ಮಿ ನೋಡಿದಳು. ಹಳದಿ ಬಿಲ್ಲೆಯ ಮೇಲೆ ಚಿತ್ರ ನಡುವೆ ಇರಲಿಲ್ಲ. ಪೂರ್ತಿ ಕೆಳಕ್ಕೆ ಜಾರಿತ್ತು. ಮೇಲುಗಡೆ ಉಗುರಿನ ಆಕಾರದ ಅಗಲವಾದ ಖಾಲಿ ಜಾಗ. ಐದರ ಅಂಕಿ ಅಂಚಿಗೆ ತಾಗಿ ನಿಂತಿತ್ತು, ಇಸವಿಯ ತಲೆ ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ಇರಬೇಕಾದ ಟಂಕಸಾಲೆಯ ಗುರುತು ನಾಣ್ಯದಿಂದಾಚೆ ಬಿದ್ದು ಹೋಗಿತ್ತು. ಅವಳು ತನ್ನ ಐದು ರೂಪಾಯಿಯನ್ನು ಬ್ಯಾಗಿಗೆ ಹಾಕಿ, ಇದನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿದಳು.

ಅವಳ ಗಂಡ ಶ್ರೀನಿವಾಸ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ತಗಡನ್ನು ಅಚ್ಚಿಗೆ ಕೊಟ್ಟು ಒತ್ತುವ ಕೆಲಸ. ನಾಣ್ಯ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಬಿಲ್ಲೆ ಅಚ್ಚಿನ ಬಳೆಯೊಳಗೆ ಸರಿಯಾಗಿ ಕೂರುವ ಮುಂಚೆಯೇ ಮೇಲಿನಿಂದ ಹೊಡೆತ ಬಿದ್ದಿದೆ ಎಂದು ಊಟದ ತಟ್ಟೆಯ ಮೇಲೆ ಲೋಟ ಜಾರಿಸಿ ತೋರಿಸಿದ. ತಮ್ಮಲ್ಲಾದರೆ ಇಂಥ ಮಾಲು ಕೆಂಪು ಡಬ್ಬಿಗೆ ಹೋಗುತ್ತದೆ, ಆಪರೇಟರ್‌ಗೆ ಮೆಮೊ ಬರುತ್ತದೆ ಎಂದ. ವರಲಕ್ಷ್ಮಿಗೆ ಅದು ಬೇಕಿರಲಿಲ್ಲ. ಅವಳು ಆಗಲೇ ಫೋಟೋ ತೆಗೆದು, ತಾನು ಸೇರಿದ್ದ ವಾಟ್ಸಾಪ್ ಬಳಗಕ್ಕೆ ಹಾಕಿದ್ದಳು. ಸುತ್ತಲಿನ ನಾಲ್ಕು ತಾಲ್ಲೂಕಿನ ಎಪ್ಪತ್ತೆಂಬತ್ತು ನಾಣ್ಯ ಸಂಗ್ರಾಹಕರ ಗುಂಪು ಅದು. ಅದರ ಹಿರಿಯ ಚನ್ನಪಟ್ಟಣದ ಪ್ರಕಾಶ್. ಹಳೆ ನಾಣ್ಯ ಕೊಂಡು ಮಾರುವವನು; ಅವನು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

ಹೇಗೆ ಹೀಗಾಗುತ್ತದೆ ಎಂದು ಯಾರೋ ಕೇಳಿದರು. ವರಲಕ್ಷ್ಮಿ ಹೆಮ್ಮೆಯಿಂದ, ನಮ್ಮ ಯಜಮಾನರು ಹಾರೋಹಳ್ಳಿಯಲ್ಲಿ ಪ್ರೆಸ್ ಕೆಲಸದಲ್ಲಿದ್ದಾರೆ, ಅವರು ಹೀಗೆ ಹೇಳಿದರು ಎಂದು ಗಂಡನ ವಿವರಣೆಯನ್ನು ಬರೆದಳು. ಅದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಪ್ರಕಾಶನ ಉತ್ತರ ಬಂತು: “ಹಾರೋಹಳ್ಳಿ ಟಂಕಸಾಲೆ ಮಾಲು. ಕೆಲಸ ಚೆನ್ನಾಗಿದೆ.” ಅದರ ಕೆಳಗೆ ನಗುವ ಮುಖಗಳ ಸಾಲು.

ಶ್ರೀನಿವಾಸ ಅದನ್ನು ಎರಡು ಸಲ ಓದಿದ. ಫೋನನ್ನು ಹಿಂದಿರುಗಿಸಿ ಎದ್ದು ಹೋದ. ಇಪ್ಪತ್ತೊಂದು ವರ್ಷ ಪ್ರೆಸ್ಸಿನ ಮುಂದೆ ನಿಂತವನು, ಒಂದು ವಾಷರ್ ಕೂಡ ಜೇಬಿಗೆ ಹಾಕಿಕೊಂಡು ಗೇಟು ದಾಟಿದವನಲ್ಲ. ಅವನು ಹಾಗೆ ಎದ್ದು ಹೋದದ್ದು ವರಲಕ್ಷ್ಮಿಯನ್ನು ಕುಟುಕಿತು. ಮಾಡಿದವರೇ ಇದು ನಮ್ಮದು ಎಂದು ಒಂದು ಸಾಲು ಬರೆದುಕೊಟ್ಟರೆ ಮುಗಿಯಿತಲ್ಲ ಎಂದುಕೊಂಡಳು. ಸರ್ಕಾರದ ಟಂಕಸಾಲೆ ತನ್ನ ನಾಣ್ಯವನ್ನು ತಾನು ಗುರುತಿಸಲಾರದೇ?

ಗುರುತು ಕಾಣದಿದ್ದ ಕಾರಣ ನಾಲ್ಕೂ ಟಂಕಸಾಲೆಗಳಿಗೆ ಪತ್ರ ಬರೆದಳು. ಕನ್ನಡದಲ್ಲಿ ಬರೆದು, ಡಿಪೋದ ಗುಮಾಸ್ತರಿಂದ ಇಂಗ್ಲಿಷ್ ಮಾಡಿಸಿ, ಎರಡೂ ಮುಖದ ಬಣ್ಣದ ಫೋಟೋ ಲಗತ್ತಿಸಿ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದಳು. ಎರಡು ಕಡೆಯಿಂದ ಏನೂ ಬರಲಿಲ್ಲ. ಮೂರನೆಯವರು ದಪ್ಪ ಲಕೋಟೆ ಕಳಿಸಿದರು. ಒಡೆದರೆ ಒಳಗೆ ನುಣುಪಾದ ಕಾಗದದ ಪುಸ್ತಕ. ನೀಲಿ ಮಖಮಲ್ಲಿನ ಡಬ್ಬಿಗಳಲ್ಲಿ ಕೂತ ಬೆಳ್ಳಿ ನಾಣ್ಯಗಳು, ಮಹನೀಯರ ಸ್ಮರಣಾರ್ಥ, ಸಂಸ್ಥೆಗಳ ಶತಮಾನೋತ್ಸವದ ಸ್ಮರಣಾರ್ಥ. ಜೊತೆಗಿದ್ದ ಪತ್ರ ನಾಣ್ಯ ಸಂಗ್ರಹದಲ್ಲಿ ಅವಳಿಗಿರುವ ಆಸಕ್ತಿಗೆ ಧನ್ಯವಾದ ಹೇಳಿ, ಆರ್ಡರ್ ಮಾಡುವ ವಿಧಾನವನ್ನು ಏಳು ಅಂಶಗಳಲ್ಲಿ ವಿವರಿಸಿತ್ತು. ಐದು ರೂಪಾಯಿಯ ಸುದ್ದಿಯೇ ಇರಲಿಲ್ಲ. ನಾಲ್ಕನೆಯವರು ಮೂರು ಸಾಲು ಬರೆದಿದ್ದರು: ದೋಷವಿರುವ ನಾಣ್ಯವನ್ನು ಹತ್ತಿರದ ಬ್ಯಾಂಕ್ ಶಾಖೆಗೆ ಕೊಟ್ಟು ಅದೇ ಮೌಲ್ಯದ ಒಳ್ಳೆಯ ನಾಣ್ಯ ಪಡೆಯತಕ್ಕದ್ದು.

“ಸರಿ ಬುಡು, ಒಳ್ಳೇ ಐದ್ರುಪಾಯ್ ಕೊಡ್ತಾರಂತೆ,” ಎಂದ ಶ್ರೀನಿವಾಸ. ಅವಳು ಎರಡು ದಿನ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನಾಲ್ಕೂ ಟಂಕಸಾಲೆಗಳ ಮೇಲಿನ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ. ಅದಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಬೇಕು. ಸಾತನೂರಿನ ಅಂಚೆ ಕಚೇರಿಯಲ್ಲಿ ಅದು ಮುಗಿದಿತ್ತು, ಕನಕಪುರದಲ್ಲಿ ಕೊಡುವವರು ರಜೆಯಲ್ಲಿದ್ದರು. ಮೂರನೆಯ ಸಲ ಹೋದಾಗ ಸಿಕ್ಕಿತು. ನಲವತ್ತೊಂದು ದಿನದ ಮೇಲೆ ಉತ್ತರ ಬಂತು, ಮೇಲೆ ಹಿಂದಿ, ಕೆಳಗೆ ಇಂಗ್ಲಿಷ್. ವರಲಕ್ಷ್ಮಿ ಒಂದೊಂದೇ ಪದ ಕೂಡಿಸಿ ಓದಿದಳು. ಟಂಕಸಾಲೆಯಲ್ಲಿ ಪ್ರತಿಯೊಂದು ನಾಣ್ಯವನ್ನೂ ಪರೀಕ್ಷಿಸಲಾಗುತ್ತದೆ. ದೋಷವಿರುವ ನಾಣ್ಯಗಳನ್ನು ಒಳಗೇ ಕರಗಿಸಲಾಗುತ್ತದೆ. ಅಂಥ ನಾಣ್ಯ ಹೊರಗೆ ಹೋಗುವುದಿಲ್ಲ. ಆದ್ದರಿಂದ ಅರ್ಜಿದಾರರ ಬಳಿ ಇರುವುದನ್ನು ದೃಢೀಕರಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

ಅವಳು ಪತ್ರವನ್ನು ಮಡಿಸಿ, ಮತ್ತೆ ಬಿಡಿಸಿ ಓದಿದಳು. ನಾವು ತಪ್ಪು ಮಾಡುವುದಿಲ್ಲ, ಇದು ತಪ್ಪಾಗಿದೆ, ಹಾಗಾಗಿ ಇದು ನಮ್ಮದಲ್ಲ. ಎಲ್ಲಿ ಕೈಯಿಟ್ಟರೂ ಜಾರುವ ಗೋಡೆ. ಬಸ್ಸಿನಲ್ಲಿ ಟಿಕೆಟ್ ತಗೊಳ್ಳದೆ ವಾದಿಸುವವರನ್ನು ಅವಳು ಬೇಕಾದಷ್ಟು ನೋಡಿದ್ದಳು, ಆದರೆ ಅವರಾರೂ ಇಷ್ಟು ಚೆಂದವಾಗಿ ವಾದಿಸಿರಲಿಲ್ಲ. ಮೇಲ್ಮನವಿ ಹಾಕಿದಳು. ಅದಕ್ಕೆ ಉತ್ತರವೇ ಇಲ್ಲ. ಬಳಗದಲ್ಲಿ ಪ್ರಕಾಶ್ ಆಗಾಗ, ಹಾರೋಹಳ್ಳಿಯಿಂದ ಹೊಸ ಮಾಲು ಬಂತೇ ಎಂದು ಕೇಳುತ್ತಲೇ ಇದ್ದ.

ಹೀಗಿರುವಾಗ ಪತ್ರಿಕೆಯ ಮೂಲೆಯಲ್ಲೊಂದು ಸಣ್ಣ ಪ್ರಕಟಣೆ. ರಾಮನಗರದ ಒಂದು ಕಲ್ಯಾಣ ಮಂಟಪದಲ್ಲಿ ಟಂಕಸಾಲೆಯವರಿಂದ ಒಂದು ದಿನದ ನಾಣ್ಯ ಪ್ರದರ್ಶನ ಮತ್ತು ಮಾರಾಟ. ನಾಣ್ಯ ಸಂಗ್ರಹ ಹವ್ಯಾಸದ ಬಗ್ಗೆ ತಜ್ಞರಿಂದ ಉಪನ್ಯಾಸ. ವರಲಕ್ಷ್ಮಿ ವಾರದ ರಜೆಯನ್ನು ಅದಲು ಬದಲು ಮಾಡಿಕೊಂಡಳು. ಶ್ರೀನಿವಾಸನನ್ನೂ ಹೊರಡಿಸಿದಳು. ಅವನಿಗೆ ಇಷ್ಟವಿರಲಿಲ್ಲ.

“ಬುಟ್ಬುಡು ಅತ್ಲಾಗೆ. ಅವ್ರು ಅಂದ್ರೆ ಅಂದ್ಕೊಳ್ಲಿ,” ಎಂದ.

“ಅಂದಿರಾದು ನಿಮ್ಗೆ. ನನ್ನಿಂದ ಅನ್ನಿಸ್ಕೊಂಡ್ರಿ. ಬನ್ನಿ ಸುಮ್ಕೆ,” ಎಂದಳು ವರಲಕ್ಷ್ಮಿ.

ಮಂಟಪದ ಬಾಗಿಲಿಗೆ ಬ್ಯಾನರ್ ಕಟ್ಟಿದ್ದರು: “ರಾಜರ ಹವ್ಯಾಸ, ಹವ್ಯಾಸಗಳ ರಾಜ.” ಒಳಗೆ ಗಾಜಿನ ಪೆಟ್ಟಿಗೆಗಳು, ಅವುಗಳ ಮೇಲೆ ಬಿಳಿ ದೀಪ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದು ಶಾಲೆಯ ಮಕ್ಕಳನ್ನು ತಂದು ಕೂರಿಸಿದ್ದರು. ಟಂಕಸಾಲೆಯ ಅಧಿಕಾರಿ ಅನಂತರಾಜು ಐವತ್ತೈದರ ಆಸುಪಾಸಿನವರು, ಕೈಗೆ ಬಿಳಿ ಗವಸು ಹಾಕಿಕೊಂಡು ಒಂದು ಬೆಳ್ಳಿ ನಾಣ್ಯವನ್ನು ಅಂಚು ಹಿಡಿದು ಎತ್ತಿ ತೋರಿಸುತ್ತಿದ್ದರು. ಒಳ್ಳೆಯ ಸಂಗ್ರಾಹಕನು ನಾಣ್ಯವನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ ಎಂದರು. ಸಂಗ್ರಹ ಎನ್ನುವುದು ಶಿಸ್ತು, ಹೂಡಿಕೆ, ದೇಶಪ್ರೇಮ ಎಂದರು. ಮಕ್ಕಳು ಆಕಳಿಸುತ್ತಾ ಕೇಳಿದರು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ವರಲಕ್ಷ್ಮಿ ಎದ್ದಳು. ಮೊದಲು ಬೇರೆಯೇ ಒಂದು ಪ್ರಶ್ನೆ ಬಾಯಿಗೆ ಬಂತು. ಆ ನಾಣ್ಯದ ಮೇಲೆ ನೂರು ರೂಪಾಯಿ ಎಂದು ಬರೆದಿದೆ, ಪಕ್ಕದ ಚೀಟಿಯಲ್ಲಿ ಬೆಲೆ ನಾಲ್ಕು ಸಾವಿರದ ಚಿಲ್ಲರೆ; ಬಸ್ಸಿನಲ್ಲಿ ಯಾರಾದರೂ ಕೊಟ್ಟರೆ ತಾನು ಎಷ್ಟಕ್ಕೆ ಟಿಕೆಟ್ ಕೊಡಬೇಕು ಎಂದು ಕೇಳಿದಳು. ಮಕ್ಕಳು ನಕ್ಕರು. ಇದು ಚಲಾವಣೆಗಲ್ಲ, ಸಂಗ್ರಹಕ್ಕೆ ಮಾತ್ರ ಎಂದರು ಅನಂತರಾಜು. ಹಾಗಾದರೆ ಚಲಾವಣೆಯ ನಾಣ್ಯವನ್ನು ಸಂಗ್ರಹಿಸುವವರು ನಿಮ್ಮ ಲೆಕ್ಕದಲ್ಲಿ ಏನು ಎಂದು ಅವಳು ಮತ್ತೆ ಕೇಳಿದಳು. ಅದೂ ಒಳ್ಳೆಯದೇ, ಆರಂಭಕ್ಕೆ ಒಳ್ಳೆಯದು ಎಂದು ಅವರು ಗಡಿಯಾರ ನೋಡಿಕೊಂಡರು.

ಮಕ್ಕಳು ಬಿಸ್ಕತ್ತು ಪೊಟ್ಟಣ ತೆಗೆದುಕೊಂಡು ಹೋದ ಮೇಲೆ ಗಂಡ ಹೆಂಡತಿ ಮೇಜಿನ ಹತ್ತಿರ ಹೋದರು. ವರಲಕ್ಷ್ಮಿ ಆಲ್ಬಮ್ ತೆರೆದು ಐದು ರೂಪಾಯಿಯನ್ನು ಹೊರಗೆ ತೆಗೆದಳು, ನಾಲ್ಕು ಪತ್ರ ಬರೆದದ್ದನ್ನೂ ಬಂದ ಉತ್ತರಗಳನ್ನೂ ಹೇಳಿದಳು. ಅನಂತರಾಜು ನಾಣ್ಯವನ್ನು ದೂರದಿಂದಲೇ ನೋಡಿ, ಇಂಥ ದೋಷಪೂರಿತ ವಸ್ತು ನಮ್ಮಲ್ಲಿಂದ ಹೊರಬರುವ ಸಾಧ್ಯತೆಯಿಲ್ಲ, ಮಾರುಕಟ್ಟೆಯಲ್ಲಿ ಅರದಿಂದ ಉಜ್ಜಿ ಇಂಥವನ್ನು ಮಾಡುವವರಿದ್ದಾರೆ ಎಂದರು. ಮೊದಲನೆಯದು ಪತ್ರದಲ್ಲಿದ್ದ ಮಾತೇ.

ಹಿಂದೆ ನಿಂತಿದ್ದ ಶ್ರೀನಿವಾಸ ಮುಂದೆ ಬಂದ. “ಸಾರ್, ಅರದಲ್ಲಿ ಉಜ್ಜಿದ್ರೆ ಖಾಲಿ ಜಾಗ ತೆಳ್ಳಗಾಗ್ಬೇಕು. ಇದು ಅಷ್ಟೇ ದಪ್ಪ ಐತೆ. ಬಿಲ್ಲೆ ಅಂಚು ಹಂಗೇ ಉಳ್ದದೆ, ಮುಟ್ ನೋಡಿ. ಇನ್ನೊಂದು ಪಕ್ಕ ಲೋಹ ಆಚೆಗೆ ಹರ್ದದೆ. ಬಳೆಯೊಳ್ಗೆ ಕೂತಿದ್ರೆ ಹಂಗ್ ಹರೀತಿತ್ತಾ?”

ಅನಂತರಾಜು ತಲೆಯೆತ್ತಿ ಅವನನ್ನು ನೋಡಿದರು. ನೀವು ಏನು ಕೆಲಸ ಎಂದು ಕೇಳಿದರು. ಪ್ರೆಸ್ ಎಂದ ಶ್ರೀನಿವಾಸ. ಅಧಿಕಾರಿ ಗವಸು ಬಿಚ್ಚಿ ಮೇಜಿನ ಮೇಲಿಟ್ಟು, ನಾಣ್ಯವನ್ನು ಬರಿಗೈಯಲ್ಲಿ ತೆಗೆದುಕೊಂಡರು. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟು, ಅಂಚನ್ನು ಹೆಬ್ಬೆರಳಿನಿಂದ ಸುತ್ತ ಸವರಿದರು. ಬಹಳ ಹೊತ್ತು ನೋಡಿದರು. ಬೆಳ್ಳಿ ನಾಣ್ಯದ ಬೆಲೆ ಕೇಳಲು ಬಂದ ಒಬ್ಬರು ಕಾದು ಕಾದು ಆಚೆ ಹೋದರು.

“ನಮ್ದೇ ಕಣಮ್ಮ,” ಎಂದರು ಕೊನೆಗೆ. ಉಪನ್ಯಾಸದ ಕನ್ನಡ ಎಲ್ಲೋ ಹೋಗಿತ್ತು. ಅವರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವರೆಂದು ಆಮೇಲೆ ಗೊತ್ತಾಯಿತು. “ನಾನು ಆರು ವರ್ಷ ಪರೀಕ್ಷೆ ಮೇಜಿನಲ್ಲಿ ಕೂತಿದ್ದೋನು. ಇಂಥವ ದಿನಾ ಆರ್ಸಿ ಎಸ್ದಿದೀನಿ. ಒಂದು ಕಣ್ತಪ್ಪಿ ಬಂದ್ಬುಟ್ಟದೆ.”

ಹಾಗಾದರೆ ಅಷ್ಟನ್ನೇ ಬರೆದುಕೊಡಿ ಎಂದಳು ವರಲಕ್ಷ್ಮಿ. ಕಾಗದ ಪೆನ್ನು ಮುಂದೆ ಇಟ್ಟಳು.

ಅವರು ಪೆನ್ನು ಮುಟ್ಟಲಿಲ್ಲ. ಬರೆದುಕೊಟ್ಟರೆ ಅದು ಹೊರಗೆ ಹೇಗೆ ಬಂತೆಂಬ ವಿಚಾರಣೆ ಶುರುವಾಗುತ್ತದೆ, ಯಾವ ಪಾಳಿ, ಯಾವ ಮೇಜು, ಯಾರ ಸಹಿ ಎಂದು ಹುಡುಕುತ್ತಾರೆ, ಅಲ್ಲಿ ಕೂತವರಿಗೆಲ್ಲ ಹೆಂಡತಿ ಮಕ್ಕಳಿದ್ದಾರೆ ಎಂದರು. ಅವರ ದನಿಯಲ್ಲೂ ಬೇಸರವಿತ್ತು, ಎಷ್ಟೋ ಊರುಗಳಲ್ಲಿ ಇದೇ ಪ್ರಶ್ನೆಗೆ ಸಿಕ್ಕಿ ದಣಿದವರ ಬೇಸರ. “ನಿಮ್ಗಿದು ಹವ್ಯಾಸ. ನಮ್ಗೆ ತಪ್ಪು. ನಾವ್ ಮಾಡಿದ್ ತಪ್ಪನ್ನ ನೀವು ಪ್ಲಾಸ್ಟಿಕ್ ಹಾಕಿ ಜೋಪಾನ ಮಾಡಿದ್ರೆ ನಮ್ಗೆ ಎಂಗಾಗ್ಬೇಕು ಹೇಳಿ.”

“ತಪ್ಪು ನಿಮ್ದು. ಅದನ್ನ ನನ್ ಗಂಡನ ತಲೆಗೆ ಕಟ್ಟವ್ರೆ,” ಎಂದಳು ವರಲಕ್ಷ್ಮಿ. ಬಳಗದ ಕತೆಯನ್ನು ಹೇಳಿದಳು.

ಅನಂತರಾಜು ಶ್ರೀನಿವಾಸನ ಕಡೆ ತಿರುಗಿದರು. “ಇದ ನಿಮ್ಮ ಕೈಲಿ ಮಾಡಕ್ಕಾಗಲ್ಲಪ್ಪ. ಯಾರ ಕೈಲೂ ಆಗಲ್ಲ. ನಮ್ಮ ಅಚ್ಚೇ ಬೇಕು, ಅಚ್ಚು ನಮ್ಮ ಬೀಗದೊಳ್ಗೇ ಇರ್ತದೆ. ಅಂದೋರಿಗೆ ಕಸುಬು ಗೊತ್ತಿಲ್ಲ.”

ಆಮೇಲೆ ಒಂದು ಉಪಾಯ ಹೇಳಿದರು. ಆ ನಾಣ್ಯವನ್ನು ಅವರಿಗೇ ಕೊಟ್ಟುಬಿಡುವುದು. ಅವರು ತೆಗೆದುಕೊಂಡು ಹೋಗಿ ಕುಲುಮೆಗೆ ಹಾಕಿಸುವುದು. ಬದಲಿಗೆ ನೀಲಿ ಡಬ್ಬಿಯ ಒಂದು ಬೆಳ್ಳಿ ನಾಣ್ಯವನ್ನು ಅವರು ಸ್ವಂತ ದುಡ್ಡಿನಲ್ಲಿ ಕೊಡಿಸುವುದು. ಡಬ್ಬಿಯ ಮುಚ್ಚಳ ತೆರೆದು ತೋರಿಸಿದರು. ನಾಣ್ಯ ಕನ್ನಡಿಯಂತೆ ಹೊಳೆಯುತ್ತಿತ್ತು, ಎಲ್ಲ ಗೆರೆಗಳೂ ಇರಬೇಕಾದ ಕಡೆ ಇದ್ದವು. ವರಲಕ್ಷ್ಮಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅದನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ, ಅದರಿಂದ ಒಂದು ಟೀ ಕೂಡ ಕುಡಿದಿರಲಿಲ್ಲ. ಬೇಡ ಎಂದಳು. ತನ್ನ ಐದು ರೂಪಾಯಿಯನ್ನು ಎತ್ತಿ ಅದರ ಗೂಡಿಗೆ ಸೇರಿಸಿದಳು. ಅವರು ತಡೆಯಲಿಲ್ಲ, ಆಲ್ಬಮ್ಮಿನ ಉಳಿದ ಹಾಳೆಗಳನ್ನು ತಿರುವಿ ನೋಡುತ್ತಾ, ಅವಳು ಅಪರೂಪವೆಂದು ಇಟ್ಟಿದ್ದ ಎರಡು ನಾಣ್ಯ ಬರೀ ಸವೆದವು ಎಂದು ತೋರಿಸಿಕೊಟ್ಟರು. ಅದು ನಿಜವೇ ಆಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಹೊರಡುವಾಗ ಅವರು ಒಂದು ಫಾರಂ ಕೊಟ್ಟರು. ಬಂದವರೆಲ್ಲ ಹವ್ಯಾಸಿಗಳೆಂದು ಹೆಸರು ನೋಂದಾಯಿಸಬೇಕು, ಇಷ್ಟು ಜನ ಎಂದು ಅವರು ಮೇಲಿನವರಿಗೆ ಲೆಕ್ಕ ಕೊಡಬೇಕು. ಹೆಸರು, ಊರು, ಫೋನ್ ನಂಬರ್ ಆದ ಮೇಲೆ, ‘ಸಂಗ್ರಹದ ವಿಧ’ ಎಂದು ಮೂರು ಚೌಕಗಳಿದ್ದವು: ಚಿನ್ನ, ಬೆಳ್ಳಿ, ಸ್ಮರಣಿಕೆ. ವರಲಕ್ಷ್ಮಿ ಮೂರನ್ನೂ ಬಿಟ್ಟು, ಪಕ್ಕದ ಜಾಗದಲ್ಲಿ ‘ಕೈಗೆ ಬಂದ ಚಿಲ್ಲರೆ’ ಎಂದು ಬರೆದಳು. ಇದನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಎಂದರು ಅನಂತರಾಜು. ಹಾಗಾದರೆ ನನ್ನ ಹೆಸರು ಬಿಟ್ಟುಬಿಡಿ ಎಂದಳು.

“ಬುಡಕ್ಕಾಗಲ್ಲಮ್ಮ, ಮಕ್ಕಳ್ನ ಬುಟ್ರೆ ಇವತ್ತು ಬಂದಿರದೇ ಒಂಬತ್ತು ಜನ. ಬೆಳ್ಳಿ ಅಂತ ಹಾಕ್ಕೊತೀನಿ,” ಎಂದರು ಅವರು.

ಕನಕಪುರದ ಬಸ್ಸಿನಲ್ಲಿ ಶ್ರೀನಿವಾಸ ದಾರಿಯುದ್ದಕ್ಕೂ ಮಾತಾಡಿದ. ಎಷ್ಟೋ ತಿಂಗಳ ಮೇಲೆ ಅವನು ಅಷ್ಟು ಹಗುರವಾಗಿದ್ದ. ಪ್ರೆಸ್ ಬಲ್ಲ ಒಬ್ಬ ಮನುಷ್ಯ ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ಅವನಿಗೆ ಸಾಕಾಗಿತ್ತು; ಕಾಗದ ಬೇಕಿರಲಿಲ್ಲ. ವರಲಕ್ಷ್ಮಿಗೆ ಸಾಕಾಗಿರಲಿಲ್ಲ. ಅವನು ನಗುವುದನ್ನು ನೋಡಿ ಸಮಾಧಾನವೂ ಆಯಿತು, ಇಷ್ಟಕ್ಕೇ ಸುಮ್ಮನಾಗುತ್ತಾನಲ್ಲ ಎಂದು ರೇಗಿಯೂ ಹೋಯಿತು.

ಬಳಗದಲ್ಲಿ ಅವಳು ಅಧಿಕಾರಿಯ ಹೆಸರು ಹೇಳದೆ ನಡೆದದ್ದನ್ನು ಬರೆದಳು. ಪ್ರಕಾಶ್ ಎರಡೇ ಪದ ಬರೆದ: “ಲೆಟರ್ ಇದೆಯಾ?” ಇಲ್ಲ ಎಂದು ಬರೆದು ಅವಳು ಗುಂಪಿನಿಂದ ಹೊರಬಂದಳು. ಆ ಮೇಲೆ ಒಂದು ವಾರ ಯಾವ ನಾಣ್ಯವನ್ನೂ ತಿರುಗಿಸಿ ನೋಡಲಿಲ್ಲ. ಎಂಟನೆಯ ದಿನ ನಕ್ಷತ್ರದ ಗುರುತಿನ ಒಂದು ಎರಡು ರೂಪಾಯಿ ಬ್ಯಾಗಿಗೆ ಬಿತ್ತು, ಅವಳ ಬಳಿ ಇಲ್ಲದ ಇಸವಿಯದು. ಕೈ ತಾನಾಗಿಯೇ ಎತ್ತಿಕೊಂಡಿತು.

ಈಗ ತಿಂಗಳಿಗೆರಡು ಸಲ ಅವಳ ಫೋನಿಗೆ ಟಂಕಸಾಲೆಯ ಸಂದೇಶ ಬರುತ್ತದೆ. ಪ್ರಿಯ ಬೆಳ್ಳಿ ಸಂಗ್ರಾಹಕರೇ, ಹೊಸ ನಾಣ್ಯ ಬಿಡುಗಡೆಯಾಗಿದೆ, ಇಂಥ ದಿನದೊಳಗೆ ಕಾಯ್ದಿರಿಸಿ. ನಿಲ್ಲಿಸಿ ಎಂದು ಅವಳು ಮೂರು ಸಲ ಉತ್ತರ ಕಳಿಸಿದಳು. ಈ ಸಂಖ್ಯೆಗೆ ಉತ್ತರಿಸಲಾಗದು ಎಂದು ಮೂರು ಸಲವೂ ಬಂತು. ಕೊನೆಗೆ ಇನ್ನೊಂದು ಪೋಸ್ಟಲ್ ಆರ್ಡರ್ ಕೊಂಡು ಮತ್ತೊಂದು ಅರ್ಜಿ ಹಾಕಿದಳು. ಈ ಸಲ ನಾಣ್ಯದ ಮಾತೇ ಎತ್ತಲಿಲ್ಲ. ತಾವು ಮಾಡಿದ ದುಡ್ಡನ್ನು ದಿನವೂ ಮುಟ್ಟಿ, ಅದರಲ್ಲಿ ಒಂದೊಂದನ್ನು ಪ್ರೀತಿಯಿಂದ ಎತ್ತಿಡುವವರಿಗೆ ತಮ್ಮ ಫಾರಂನಲ್ಲಿ ಚೌಕ ಏಕೆ ಇಲ್ಲ ಎಂದು ಕೇಳಿದ್ದಾಳೆ. ಉತ್ತರ ಕೊಡಲು ಅವರಿಗಿರುವ ಮೂವತ್ತು ದಿನದ ಗಡುವು ದಾಟಿ ಇವತ್ತಿಗೆ ಹನ್ನೆರಡು ದಿನವಾಯಿತು.